ಥ್ರಾಕ್‌ಮಾರ್ಟನ್‌ನ ಹಂದಿಗಳು: ಕಡಿಮೆ ಖರ್ಚಿನ ಒಂದು ಬೇಟೆ ಪ್ರವಾಸ

ಹೊರಡುವ ಮೊದಲು

ಟೆಕ್ಸಸ್‌ನಲ್ಲಿ ಹಂದಿ ಬೇಟೆ ಪುಕ್ಕಟೆ ಎಂದು ನಂಬಿದವರು ಬಹಳ ಜನ. ರೈತರಿಗೆ ಹಂದಿಕಾಟ ಜಾಸ್ತಿ, ಹೊಡೆಯುವವರು ಸಿಕ್ಕರೆ ಕರೆದು ಊಟ ಹಾಕಿ ಕಳಿಸುತ್ತಾರೆ ಅನ್ನುವ ಮಾತು ಡಲ್ಲಾಸ್ ಸುತ್ತಲಿನ ನಮ್ಮವರ ಯಾವ ಮನೆಯ ಊಟಕ್ಕೆ ಹೋದರೂ ಒಂದಲ್ಲ ಒಂದು ಸಲ ಕಿವಿಗೆ ಬೀಳುತ್ತದೆ. ಕಾಟವೇನೋ ನಿಜ. ಈ ರಾಜ್ಯದ 254 ಕೌಂಟಿಗಳಲ್ಲಿ, ಅಂದರೆ ಜಿಲ್ಲೆಗಳಲ್ಲಿ, ಎಲ್ ಪಾಸೊ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಕಾಡುಹಂದಿ ಇದೆ. ದೇಶದಾದ್ಯಂತ ಅವು ಮಾಡುವ ನಷ್ಟವನ್ನು ವರ್ಷಕ್ಕೆ 150 ಕೋಟಿ ಡಾಲರ್‌ಗೂ ಹೆಚ್ಚು ಎಂದು ಲೆಕ್ಕ ಹಾಕಿದ್ದಾರೆ. ಆದರೂ ಫೋನ್ ಮಾಡಿ ನೋಡಿ, ಬೇಲಿಯೊಳಗೆ ಕಾಲಿಡಲು ದುಡ್ಡು ಕೇಳದ ರ‍್ಯಾಂಚ್ ಸಿಗುವುದು ಅಪರೂಪ. ಗುರುತು ಪರಿಚಯ ಇಲ್ಲದವನು ಕೋವಿ ಹಿಡಿದು ತಮ್ಮ ದನಗಳ ನಡುವೆ ತಿರುಗಲು ಯಾರು ತಾನೆ ಸುಮ್ಮನೆ ಬಿಟ್ಟಾರು?

ಹಾಗಾಗಿ ನಮ್ಮ ಯೋಜನೆ ಶುರುವಾಗಿದ್ದು ಪುಕ್ಕಟೆಯ ಆಸೆ ಬಿಟ್ಟ ಮೇಲೆ. ಹೊರಟವರು ಮೂವರು. ನಾನು ಚಳ್ಳಕೆರೆ ಕಡೆಯವನು. ಇನ್ನೊಬ್ಬ ವಿರಾಜಪೇಟೆಯ ಗೆಳೆಯ, ಕೊಡವ. ವಯಸ್ಸಿನಲ್ಲಿ ದೊಡ್ಡವನಾದ್ದರಿಂದ ನಮಗೆಲ್ಲ ಅಣ್ಣ. ಮೂರನೆಯವನು ದಾವಣಗೆರೆಯ ಹುಡುಗ, ಮೊಟ್ಟೆಯನ್ನೂ ಮುಟ್ಟದವನು. ಅವನು ಬಂದದ್ದು ಕ್ಯಾಮೆರಾಕ್ಕೆ, ಚಳಿಗೆ, ಮತ್ತು ಮನೆಯಲ್ಲಿ ಮಾವನವರು ಬಂದಿದ್ದರು ಅನ್ನುವುದಕ್ಕೆ.

ಖರ್ಚು ಇಳಿಸುವ ಮೊದಲ ಉಪಾಯ ತಿಂಗಳನ್ನು ಆರಿಸುವುದು. ನವೆಂಬರ್, ಡಿಸೆಂಬರ್‌ನಲ್ಲಿ ಜಿಂಕೆ ಬೇಟೆಯ ಕಾಲ. ಆಗ ಪ್ರತಿಯೊಂದು ಜಾಗಕ್ಕೂ ಸಾವಿರಾರು ಡಾಲರ್ ಕೊಟ್ಟು ಬರುವವರಿದ್ದಾರೆ, ಹಂದಿ ಬೇಟೆಗಾರನ ಫೋನನ್ನು ಯಾರೂ ಎತ್ತುವುದಿಲ್ಲ. ಜನವರಿಯಲ್ಲಿ ಆ ಕಾಲ ಮುಗಿಯುತ್ತದೆ. ಫೆಬ್ರವರಿಗೆ ಅದೇ ಬ್ಲೈಂಡು (ಬೇಟೆಗೆ ಅಡಗಿ ಕೂರುವ ಗೂಡು), ಅದೇ ಮಂಚ, ಅದೇ ಜೋಳ ಚೆಲ್ಲುವ ಯಂತ್ರ ಖಾಲಿ ಬಿದ್ದಿರುತ್ತವೆ. ಹಂದಿಗೆ ಕಾಲವೂ ಇಲ್ಲ, ಇಷ್ಟೇ ಹೊಡೆಯಬೇಕೆಂಬ ಮಿತಿಯೂ ಇಲ್ಲ, ವರ್ಷವಿಡೀ ಹೊಡೆಯಬಹುದು. ವಾರದ ನಡುವೆ ಬರುತ್ತೇವೆ, ಅಡುಗೆ ನಮ್ಮದೇ, ಹಾಸಿಗೆ ನಮ್ಮದೇ, ಗೈಡ್ ಬೇಡ, ಕೊಯ್ಯುವ ಕೆಲಸವೂ ನಮ್ಮದೇ ಎಂದಾಗ ದರ ತಲೆಗೆ ದಿನಕ್ಕೆ 150 ಡಾಲರ್‌ಗೆ ಬಂತು. ಕೋವಿ ಹಿಡಿಯದೆ ಜೊತೆಗೆ ಬರುವವನಿಗೆ 40. ರಾತ್ರಿ, ಕತ್ತಲಲ್ಲೂ ಮೈಬಿಸಿಯಿಂದ ಪ್ರಾಣಿ ಕಾಣಿಸುವ ಥರ್ಮಲ್ ದುರ್ಬೀನು ಕೊಟ್ಟು ಗೈಡ್ ಸಮೇತ ಕರೆದೊಯ್ಯುವ ಪ್ಯಾಕೇಜುಗಳಿಗೆ ಇದರ ಎರಡು ಮೂರು ಪಟ್ಟು ಆಗುತ್ತದೆ. ಹೆಲಿಕಾಪ್ಟರ್‌ನಿಂದ ಹೊಡೆಯುವುದಕ್ಕೂ ಇಲ್ಲಿ 2011ರಿಂದ ಕಾನೂನಿನ ಒಪ್ಪಿಗೆ ಇದೆ, ಅದರ ಬಿಲ್ಲು ಸಾವಿರಗಳಲ್ಲಿ. ಅದನ್ನು ಬೇಟೆ ಎನ್ನಲು ನನಗೆ ಮನಸ್ಸು ಬಾರದು.

ದರ ಕೇಳುವಾಗಲೇ ಇನ್ನೂ ಕೆಲವನ್ನು ಕೇಳಿಬಿಡಬೇಕು. ಬಿದ್ದ ಹಂದಿಗೆ ಬೇರೆ ದುಡ್ಡು ಉಂಟೇ? ಕೆಲವು ಕಡೆ ದಿನದ ದರ ಕಡಿಮೆ ತೋರಿಸಿ, ತೂಕ ನೂರು ಕಿಲೋ ದಾಟಿದರೆ ಇಷ್ಟು, ಕೋರೆ ಉದ್ದ ಇದ್ದರೆ ಅಷ್ಟು ಎಂದು ಕೊನೆಗೆ ಚೀಟಿ ಕೊಡುತ್ತಾರೆ. ಗಾಯಗೊಂಡು ತಪ್ಪಿಸಿಕೊಂಡ ಹಂದಿಗೂ ಲೆಕ್ಕ ಹಾಕುವವರಿದ್ದಾರೆ. ಜಾಗ ಬೇಲಿ ಎತ್ತರಿಸಿ ಹಂದಿ ಕೂಡಿಹಾಕಿದ್ದೋ, ಸುಮ್ಮನೆ ತೆರೆದ ಜಾಗವೋ? ಕೊಯ್ಯಲು ಕಪ್ಪಿ, ನೀರು, ದೀಪ ಇದೆಯೇ? ಮೊದಲೇ ಕೇಳಿಕೊಂಡರೆ ಕಡೆಯ ದಿನ ಮುಖ ಸಿಂಡರಿಸುವ ಪ್ರಮೇಯ ಬರುವುದಿಲ್ಲ.

ಇನ್ನು ಲೈಸೆನ್ಸ್. ಇದನ್ನು ನಮ್ಮವರು ಎರಡು ಸಲ ಓದಬೇಕು. 2019ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನ ಖಾಸಗಿ ಜಮೀನಿನಲ್ಲಿ ಮಾಲೀಕರ ಒಪ್ಪಿಗೆ ಇದ್ದರೆ ಕಾಡುಹಂದಿ ಹೊಡೆಯಲು ಬೇಟೆ ಲೈಸೆನ್ಸ್ ಬೇಕಿಲ್ಲ. ಬೇರೆ ರಾಜ್ಯದಿಂದ ಬಂದವರಿಗೂ ಇದೇ ನಿಯಮ. ಸರ್ಕಾರಿ ಜಮೀನಿಗೆ ಮಾತ್ರ ಬೇಕು. ಹಾಗೆಂದು ಎಚ್ ಒನ್ ಬಿ ವೀಸಾದಲ್ಲಿ ಇರುವವನು ಲೈಸೆನ್ಸ್ ಇಲ್ಲದೆ ಗೆಳೆಯನ ಕೋವಿ ಹಿಡಿದರೆ ಅದು ರಾಜ್ಯದ ಪ್ರಶ್ನೆಯಲ್ಲ, ಕೇಂದ್ರ ಸರ್ಕಾರದ ಪ್ರಶ್ನೆ. ಎಚ್ ಒನ್ ಬಿಯಂಥ ತಾತ್ಕಾಲಿಕ, ವಲಸೆಯೇತರ ವೀಸಾದವರು ಕೋವಿಯನ್ನಾಗಲಿ ತೋಟಾವನ್ನಾಗಲಿ ವಶದಲ್ಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಅದಕ್ಕಿರುವ ವಿನಾಯಿತಿಗಳಲ್ಲಿ ನಮ್ಮಂಥವರಿಗೆ ಸುಲಭವಾಗಿ ಎಟುಕುವುದು ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ, ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅಂದರೆ ಹಂದಿಗೆ ಬೇಡವಾದ ಕಾಗದ ವೀಸಾಕ್ಕೆ ಬೇಕು! ಅಣ್ಣನಿಗೆ ಗ್ರೀನ್ ಕಾರ್ಡ್ ಇದೆ, ಅವನಿಗೆ ಈ ತಲೆನೋವಿಲ್ಲ. ನಾನು ರಾಜ್ಯದ ನಿವಾಸಿಗಳಿಗೆ ಕೊಡುವ 25 ಡಾಲರಿನ ಲೈಸೆನ್ಸ್ ತೆಗೆದುಕೊಂಡೆ. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆ ಶಿಕ್ಷಣದ ಕೋರ್ಸ್ ಮುಗಿಸಬೇಕು. ಹದಿನೇಳು ದಾಟಿದವರು ಅದನ್ನು ಆನ್‌ಲೈನ್‌ನಲ್ಲೇ ಮುಗಿಸಬಹುದು. ಕೋರ್ಸು ನೀರಸವೇನಲ್ಲ. ಕೋವಿಯ ಮೂತಿ ಎತ್ತ ಇರಬೇಕು, ಬೇಲಿ ದಾಟುವಾಗ ಏನು ಮಾಡಬೇಕು, ಗುರಿಯ ಹಿಂದೆ ಏನಿದೆ ಎಂದು ನೋಡುವುದು ಹೇಗೆ, ಇವೆಲ್ಲ ಕೋವಿ ಇಲ್ಲದ ಮನೆಯಲ್ಲಿ ಬೆಳೆದವನಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ.

ಅಣ್ಣನ ಕಥೆ ಬೇರೆ. ಕೊಡವರಿಗೆ ಬ್ರಿಟಿಷರ ಕಾಲದಿಂದ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, ಈಗಿನ ಆದೇಶ 2029ರವರೆಗೆ. ಕೈಲ್‌ಪೊಳ್ದ್ ಎಂಬ ಆಯುಧಪೂಜೆಯ ಹಬ್ಬದ ದಿನ ಕೋವಿಗೆ ಹೂ ಮುಡಿಸಿದವನು. ಕೋವಿ ಪೂಜೆ ಮಾಡಿದ್ದಾನೆಯೇ ಹೊರತು ಊರಲ್ಲಿ ಕಾಡುಹಂದಿಗೆ ಈಡು ಹೊಡೆದವನಲ್ಲ. 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಅಲ್ಲಿ ಅಧಿಕಾರಿಗಳ ಅನುಮತಿ ಇಲ್ಲದೆ ಹೊಡೆದರೆ ಜೈಲು. ಪ್ರಾಣಿ ಒಂದೇ, ವಿಜ್ಞಾನಿಗಳು ಕರೆಯುವ ಹೆಸರು ಸುಸ್ ಸ್ಕ್ರೋಫಾ. ಅಲ್ಲಿ ಅದು ಕಾಡಿನ ಮೂಲನಿವಾಸಿ, ಇಲ್ಲಿ ಹಡಗಿನಲ್ಲಿ ಬಂದಿಳಿದದ್ದು. 1539ರಲ್ಲಿ ಹೆರ್ನಾಂಡೊ ಡಿ ಸೋಟೊ ಎಂಬ ಸ್ಪೇನಿನವನು ಫ್ಲಾರಿಡಾದಲ್ಲಿ ದಂಡಿನ ಊಟಕ್ಕೆಂದು ಹಂದಿ ಇಳಿಸಿದ. ಟೆಕ್ಸಸ್‌ಗೆ ಬಂದವೂ ಸ್ಪೇನಿನವರ ಸಾಕುಹಂದಿಗಳೇ. 1930ರ ದಶಕದಲ್ಲಿ ಬೇಟೆಯ ಮೋಜಿಗೆಂದು ಯುರೋಪಿನ ಕಾಡುಹಂದಿಯನ್ನೂ ತಂದು ಬಿಟ್ಟರು. ಎರಡೂ ಬೆರೆತು ಈಗ ಕಪ್ಪು, ಕೆಂಪು, ಮಚ್ಚೆ ಎಲ್ಲ ಬಣ್ಣದವೂ ಸಿಗುತ್ತವೆ.

ಗುರುವಾರ

ಬೆಳಿಗ್ಗೆ ಒಂಬತ್ತಕ್ಕೆ ಡಲ್ಲಾಸ್ ಪಕ್ಕದ ಫ್ರಿಸ್ಕೊ ಬಿಟ್ಟೆವು. ದಾರಿ ಹುಡುಕುವ ಕಷ್ಟವೇ ಇಲ್ಲ, 380ನೇ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಮೂಗಿನ ನೇರಕ್ಕೆ ಹೋಗುವುದು. ಡೆಂಟನ್‌ವರೆಗೆ ಸಿಗ್ನಲ್ಲು, ಹೊಸ ಲೇಔಟು, ಇಟ್ಟಿಗೆ ಬಣ್ಣದ ಒಂದೇ ನಮೂನೆಯ ಮನೆಗಳು. ಡಿಕೇಟರ್ ದಾಟಿದ ಮೇಲೆ ಆಕಾಶ ಅಗಲವಾಗುತ್ತದೆ. ಜಾಕ್ಸ್‌ಬರೊದಲ್ಲಿ ಐಸ್ ಕೊಳ್ಳಲಿಲ್ಲ, ಅಣ್ಣ ಬಿಡಲಿಲ್ಲ. ಐಸು ಹಂದಿ ಬಿದ್ದ ಮೇಲೆ ಕೊಳ್ಳುವ ವಸ್ತು, ಮೊದಲೇ ಕೊಂಡರೆ ನೀರು ಹೊತ್ತುಕೊಂಡು ತಿರುಗಿದ ಹಾಗೆ ಎಂದ. ಮೊಸರು, ಹಾಲು, ತರಕಾರಿಗೆ ಮನೆಯಿಂದ ತಂದ ಒಂದು ಚೀಲ ಐಸು ಸಾಕಿತ್ತು.

ಗ್ರಹಾಂ, ನ್ಯೂಕಾಸಲ್ ದಾಟಿ ಥ್ರಾಕ್‌ಮಾರ್ಟನ್ ಕೌಂಟಿ ಬಂದಾಗ ನಾನು ಕಿಟಕಿಗೆ ಅಂಟಿಕೊಂಡಿದ್ದೆ. ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ! ಅದೇ ಮುಳ್ಳು, ಅದೇ ಕುರುಚಲು, ನಡುನಡುವೆ ಪಾಪಾಸುಕಳ್ಳಿ. ಇಲ್ಲಿನವರು ಮೆಸ್ಕೀಟ್ ಅನ್ನುತ್ತಾರೆ. ನಮ್ಮ ಕೆರೆಯಂಗಳಗಳನ್ನು ನುಂಗಿದ ಜಾಲಿ ಇದರ ಹತ್ತಿರದ ಸಂಬಂಧಿ, ಅದೂ ಅಮೆರಿಕ ಖಂಡದಿಂದಲೇ ನಮ್ಮಲ್ಲಿಗೆ ಬಂದದ್ದು. ಫೆಬ್ರವರಿಯಲ್ಲಿ ಎಲೆ ಉದುರಿ ಬೋಳಾಗಿತ್ತು. ಅದರ ಮಧ್ಯೆ ಚೌಕ ಚೌಕವಾಗಿ ಎಳೆ ಗೋಧಿಯ ಹಸಿರು. ಹಂದಿಗೆ ಇದಕ್ಕಿಂತ ಒಳ್ಳೆ ಊರು ಬೇಕೇ? ಹಗಲು ಮಲಗಲು ಮುಳ್ಳುಕಾಡು, ರಾತ್ರಿ ತಿನ್ನಲು ಗೋಧಿ.

ಕೌಂಟಿಯ ಮುಖ್ಯ ಊರಿನಲ್ಲಿ ಸಾವಿರ ಜನವೂ ಇಲ್ಲ. ಅಲ್ಲಿಂದ ಮಣ್ಣುರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ನಾವು ಮಾತಾಡಿದ್ದ ರ‍್ಯಾಂಚ್. ಯಜಮಾನಿಗೆ ಅರವತ್ತು ದಾಟಿದೆ. ಪಿಕಪ್ಪಿನಿಂದ ಇಳಿದು ಕೈಕುಲುಕಿ, ನಮ್ಮ ಕಾಗದ ನೋಡಿ, ದುಡ್ಡು ಎಣಿಸಿಕೊಂಡು, ನಿಯಮ ಹೇಳಿದರು. ತೆರೆದಿದ್ದ ಗೇಟು ತೆರೆದೇ ಇರಬೇಕು, ಮುಚ್ಚಿದ್ದ ಗೇಟು ಮುಚ್ಚಿಯೇ ಇರಬೇಕು. ಒಬ್ಬರು ಕೂತ ಬ್ಲೈಂಡಿನ ಕಡೆ ಇನ್ನೊಬ್ಬರು ನಡೆದು ಹೋಗಬಾರದು. ಮೂರನೆಯದನ್ನು ಬೆರಳೆತ್ತಿ ಹೇಳಿದರು: "ನನ್ನ ದನಗಳು ಕಪ್ಪು. ಕರುಗಳೂ ಕಪ್ಪು. ಮುಸ್ಸಂಜೆಯಲ್ಲಿ ಹುಲ್ಲಿನ ನಡುವೆ ಕಪ್ಪಾಗಿ ಏನೋ ಕಂಡರೆ ಅದು ಹಂದಿ ಅಂತ ಗೊತ್ತಾಗುವವರೆಗೂ ಅದು ಕರುವೇ."

ಮಧ್ಯಾಹ್ನ ಕೋವಿಯ ಗುರಿ ನೋಡಿಕೊಂಡೆವು. ಅಣ್ಣನ ಕೋವಿ ಪಾಯಿಂಟ್ 308 ವಿಂಚೆಸ್ಟರ್, ಬೋಲ್ಟ್ ಆಕ್ಷನ್ನು, ಅಂದರೆ ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವಂಥದ್ದು, ಹಳೆಯದು. ಹಂದಿಗೆ ಹೊಸ ಕೋವಿಯೇ ಬೇಕೆಂದೇನಿಲ್ಲ. ಜಿಂಕೆಗೆ ಸಾಕಾಗುವುದು ಹಂದಿಗೂ ಸಾಕು. ದುಡ್ಡು ಹಾಕುವುದಾದರೆ ಮೂತಿ ಮೆತ್ತಗಿರುವ ಒಳ್ಳೆಯ ಸಾಫ್ಟ್ ಪಾಯಿಂಟ್ ತೋಟಾಕ್ಕೆ ಹಾಕಬೇಕು. ಇಪ್ಪತ್ತರ ಪೆಟ್ಟಿಗೆಗೆ 35 ಡಾಲರ್ ಕೊಟ್ಟಿದ್ದೆವು. ನೂರು ಗಜದಲ್ಲಿ ಕಾಗದಕ್ಕೆ ಒಬ್ಬೊಬ್ಬರು ಮೂರು ಹೊಡೆದು ನಿಲ್ಲಿಸಿದೆವು.

ಹಂದಿಗೆ ಗುರಿ ಇಡುವ ಜಾಗದ ಬಗ್ಗೆ ಅಣ್ಣ ಮರಳಿನ ಮೇಲೆ ಕಡ್ಡಿಯಲ್ಲಿ ಗೀರಿ ತೋರಿಸಿದ. ಹಂದಿಯ ಗುಂಡಿಗೆ ಜಿಂಕೆಯದಕ್ಕಿಂತ ಕೆಳಗೆ, ಮುಂಗಾಲಿನ ಹತ್ತಿರಕ್ಕೆ ಇರುತ್ತದೆ. ಮೈಯ ನಡುವಿಗೆ ಹೊಡೆದರೆ ಕರುಳಿಗೆ ಬೀಳುತ್ತದೆ, ಮಾಂಸ ಕೆಡುತ್ತದೆ, ಹಂದಿ ಮುಳ್ಳಿನೊಳಗೆ ಓಡಿ ನರಳುತ್ತದೆ. ದೊಡ್ಡ ಗಂಡಿನ ಭುಜದ ಮೇಲೆ ಗಟ್ಟಿ ಚರ್ಮದ ಕವಚ ಬೇರೆ. "ನಮಗೆ ದೊಡ್ಡ ಗಂಡು ಬೇಡವೇ ಬೇಡ ಮಾರಾಯ, ಕೋರೆ ಗೋಡೆಗೆ ಹಾಕಬಹುದು, ಮಾಂಸದ ವಾಸನೆ ಮನೆಯಿಂದ ಹೋಗುವುದಿಲ್ಲ. ಮೂವತ್ತು ಕಿಲೋದ ಹೆಣ್ಣು ಸಿಕ್ಕರೆ ಅದೇ ಭಾಗ್ಯ" ಎಂದ.

ಬ್ಲೈಂಡ್ ಅಂದರೆ ನಮ್ಮ ಹೊಲದ ಅಟ್ಟಣೆಗೆ ಗೋಡೆ ಕಟ್ಟಿ ಕಿಟಕಿ ಇಟ್ಟ ಹಾಗೆ. ಎದುರಿಗೆ ಎಂಬತ್ತು ಗಜದಲ್ಲಿ ಮೂರು ಕಾಲಿನ ಡ್ರಮ್ಮು, ತಳದಲ್ಲಿ ಗಡಿಯಾರ ಕಟ್ಟಿದ ಚಕ್ರ. ಹೊತ್ತಿಗೆ ಸರಿಯಾಗಿ ಚಕ್ರ ತಿರುಗಿ ಮೆಕ್ಕೆಜೋಳ ಎರಚುತ್ತದೆ. ಆ ಸಂಜೆ ಐದೂಮುಕ್ಕಾಲಿಗೆ ಅದು ಗರ‍್ರೆಂದ ತಕ್ಷಣ ಎಲ್ಲಿದ್ದವೋ, ಜಿಂಕೆಗಳು ಬಂದವು. ಕೆಂಪು ಕಾರ್ಡಿನಲ್ ಹಕ್ಕಿಗಳು ಬಂದವು. ಕತ್ತಲಾಗುವಾಗ ಒಂದು ರಕೂನ್ ಬಂದು ಡ್ರಮ್ಮಿನ ಕಾಲು ಹಿಡಿದು ಮೇಲಕ್ಕೆ ಹತ್ತಿತು. ಹಂದಿ ಬರಲಿಲ್ಲ. ದಾವಣಗೆರೆಯವನ ಕ್ಯಾಮೆರಾ ಮಾತ್ರ ತುಂಬಿತು.

ರಾತ್ರಿ ನಾವು ಉಳಿದುಕೊಂಡ ಬಂಕ್‌ಹೌಸಿನಲ್ಲಿ ಅವಲಕ್ಕಿ ಒಗ್ಗರಣೆ, ಮೊಸರನ್ನ.

ಶುಕ್ರವಾರ

ಬೆಳಗಿನ ಕೂರುವಿಕೆ ವ್ಯರ್ಥ. ಗಾಳಿ ನಮ್ಮ ಬೆನ್ನ ಕಡೆಯಿಂದ ಡ್ರಮ್ಮಿನತ್ತ ಬೀಸುತ್ತಿತ್ತು. ಹಂದಿಯ ಕಣ್ಣು ಮಂದ, ಆದರೆ ಮೂಗಿನ ಮುಂದೆ ನಾಯಿಯೂ ಸೋಲಬೇಕು. ಇಂಥ ಗಾಳಿಯಲ್ಲಿ ಕೂರುವುದಕ್ಕಿಂತ ಮಲಗುವುದು ಮೇಲು ಎಂದು ಎಂಟಕ್ಕೇ ಎದ್ದೆವು.

ಹತ್ತು ಗಂಟೆಗೆ ಯಜಮಾನಿ ಬಂದು, ಬೇಕಿದ್ದರೆ ಗೋಧಿ ಹೊಲ ತೋರಿಸುತ್ತೇನೆ ಬನ್ನಿ ಎಂದರು. ಈ ಪ್ರವಾಸದಲ್ಲಿ ನನಗೆ ಹೆಚ್ಚು ಸಿಕ್ಕಿದ್ದು ಆ ಎರಡು ಗಂಟೆಯಲ್ಲಿ. ಹೊಲದ ಒಂದು ಮೂಲೆಯನ್ನು ನೇಗಿಲು ಹಾಯಿಸಿದಂತೆ ಬಗೆದು ಹಾಕಿದ್ದವು. ಮೊಣಕಾಲು ಆಳದ ಗುಂಡಿಗಳು. ಕೊಯ್ಲಿನ ಯಂತ್ರ ಇದರ ಮೇಲೆ ಹೋದರೆ ಗೋಧಿ ಹೋದ ನಷ್ಟಕ್ಕಿಂತ ಯಂತ್ರದ ರಿಪೇರಿ ಖರ್ಚೇ ಜಾಸ್ತಿಯಂತೆ. ಹೊಲದ ಅಂಚಿನಲ್ಲಿ ಕಬ್ಬಿಣದ ಜಾಲರಿಯ ದೊಡ್ಡ ದುಂಡನೆಯ ದೊಡ್ಡಿ. ಗೇಟಿಗೆ ಕ್ಯಾಮೆರಾ, ಸಿಮ್ ಕಾರ್ಡು. ಹಿಂಡು ಒಳಗೆ ಹೊಕ್ಕಾಗ ಇವರ ಫೋನಿಗೆ ಚಿತ್ರ ಬರುತ್ತದೆ. ಕಡೆಯ ಮರಿಯೂ ಒಳಗೆ ಬಂದಮೇಲೆ ಹಾಸಿಗೆಯಲ್ಲಿ ಮಲಗಿದ್ದುಕೊಂಡೇ ಬಟನ್ ಒತ್ತಿದರೆ ಗೇಟು ಬೀಳುತ್ತದೆ.

ಕಡೆಯ ಮರಿ ಯಾಕೆ ಮುಖ್ಯ ಎಂದರೆ, ಹೊರಗುಳಿದದ್ದು ಬುದ್ಧಿ ಕಲಿಯುತ್ತದೆ. ಹೆಣ್ಣು ಎಂಟು ತಿಂಗಳಿಗೆಲ್ಲ ಗಬ್ಬವಾಗುತ್ತದೆ, ನಾಲ್ಕು ತಿಂಗಳಿಗೆ ಐದಾರು ಮರಿ ಹಾಕುತ್ತದೆ. ಟೆಕ್ಸಸ್‌ನ ಕೃಷಿ ವಿಜ್ಞಾನಿಗಳ ಲೆಕ್ಕದಲ್ಲಿ ಸಂಖ್ಯೆ ಏರದೆ ಇದ್ದಲ್ಲೇ ನಿಲ್ಲಬೇಕಾದರೂ ವರ್ಷಕ್ಕೆ ಸುಮಾರು ಮೂರರಲ್ಲಿ ಎರಡು ಪಾಲು ಹಂದಿ ತೆಗೆಯಬೇಕು. ನಾವು ಮೂವರು ಬಂದು ಒಂದೋ ಎರಡೋ ಹೊಡೆದರೆ ಉಳಿದ ಹಿಂಡು ಪಕ್ಕದ ಜಮೀನಿಗೆ ಚದುರುತ್ತದೆ, ಅಷ್ಟೆ. ಕ್ಯಾನ್ಸಸ್ ರಾಜ್ಯ ಇದೇ ಕಾರಣಕ್ಕೆ 2006ರಲ್ಲಿ ಮೋಜಿನ ಹಂದಿ ಬೇಟೆಯನ್ನೇ ನಿಲ್ಲಿಸಿತು. ಬೇಟೆ ದುಡ್ಡು ತಂದುಕೊಡುವ ಕಡೆ ಹಂದಿಯನ್ನು ಹೊಸ ಜಾಗಕ್ಕೆ ಕದ್ದು ತಂದು ಬಿಡುವವರೂ ಹುಟ್ಟುತ್ತಾರೆ ಎಂಬುದು ಅಲ್ಲಿನವರ ಅನುಭವ. ಹಾಗಾಗಿ ಬೇಟೆಗಾರರು ರೈತರಿಗೆ ಉಪಕಾರ ಮಾಡುತ್ತಿದ್ದೇವೆ ಎಂದು ಎದೆ ಸೆಟೆಸುವುದನ್ನು ನಾನಂತೂ ನಂಬುವುದಿಲ್ಲ. ನಾವು ಹೋಗುವುದು ಮಾಂಸಕ್ಕೆ, ಒಂದಿಷ್ಟು ಹುರುಪಿಗೆ.

ಇದನ್ನೇ ಯಜಮಾನಿಯ ಮುಂದೆ ಸ್ವಲ್ಪ ಮೆತ್ತಗೆ ಹೇಳಿದೆ. ಅವರಿಗೆ ನಗು ಬಂತು. ಗೋಧಿಯ ಕಡೆ ದೊಡ್ಡಿ, ಮುಳ್ಳುಕಾಡಿನ ಕಡೆ ನಿಮ್ಮಂಥವರು. ಮಳೆ ಕೈಕೊಟ್ಟ ವರ್ಷ ದನ ಮಾರಿ ಮೇವು ಕೊಳ್ಳಬೇಕಾಗುತ್ತದೆ, ಆಗ ತಿಂಗಳ ಕರೆಂಟ್ ಬಿಲ್ಲು ಕಟ್ಟುವುದು ಬೇಟೆಯವರ ದುಡ್ಡು ಎಂದರು. ಹಂದಿ ಪೂರ್ತಿ ಹೋದರೆ ಸಂತೋಷವೇ ಎಂದು ದಾವಣಗೆರೆಯವನು ಕೇಳಿದ. "ಖಂಡಿತ" ಎಂದು, ಸ್ವಲ್ಪ ಹೊತ್ತು ಬಿಟ್ಟು, "ನೀವು ದುಡ್ಡು ಕೊಟ್ಟು ಹೋದ ಮೇಲೆ" ಎಂದರು.

ಸಂಜೆಗೆ ಗಾಳಿ ತಿರುಗಿ ಉತ್ತರದಿಂದ ಬೀಸತೊಡಗಿತು. ಇಲ್ಲಿ ಇದಕ್ಕೆ ನಾರ್ದರ್ ಅನ್ನುತ್ತಾರೆ. ಒಂದು ಗಂಟೆಯೊಳಗೆ ಜಾಕೆಟ್ಟಿನ ಮೇಲೆ ಜಾಕೆಟ್ ಹಾಕಬೇಕಾಯಿತು. ಅಣ್ಣ ಬೇರೆ ಬ್ಲೈಂಡಿಗೆ ಹೋದ. ಹಳ್ಳದ ಪಕ್ಕದ್ದು, ಗಾಳಿ ಮುಖಕ್ಕೆ ಬರುವಂಥದ್ದು. ಆರು ದಾಟಿರಬೇಕು, ಈಡಿನ ಸದ್ದು ಕೇಳಿಸಿತು. ಒಂದೇ. ಫೋನಿಗೆ ಸಂದೇಶ: "ಬಿತ್ತು, ಆದರೆ ಮುಳ್ಳೊಳಗೆ. ಅರ್ಧ ಗಂಟೆ ಬಿಟ್ಟು ಬನ್ನಿ."

ಅರ್ಧ ಗಂಟೆ ಕಾಯುವುದಕ್ಕೆ ಕಾರಣವಿದೆ. ಈಡು ತಿಂದ ಹಂದಿಯ ಬೆನ್ನು ಹತ್ತಿದರೆ ಸಾಯುವ ಮೊದಲು ಅದು ಇನ್ನೂ ದೂರ ಓಡುತ್ತದೆ. ಬದುಕಿದ್ದರೆ ತಿರುಗಿಯೂ ಬೀಳುತ್ತದೆ. ಟಾರ್ಚು ಹಿಡಿದು ಹೋದೆವು. ಈಡು ತಾಗಿದ ಜಾಗದಲ್ಲಿ ಬುರುಗು ರಕ್ತ. ಶ್ವಾಸಕೋಶಕ್ಕೆ ತಾಗಿದೆ, ದೂರ ಹೋಗಿರದು ಎಂದು ಅಣ್ಣ ಹೇಳಿದ. ಜಾಲಿಯ ಕೆಳಗೆ ಕೈಕಾಲೂರಿ ನುಗ್ಗಿದೆವು. ಬೆಚ್ಚಗಿನ ದಿನವಾಗಿದ್ದರೆ ಇಲ್ಲಿ ಗಿಲಕಿ ಹಾವಿನ ಭಯ ಇರುತ್ತಿತ್ತು, ಚಳಿ ಒಂದು ಉಪಕಾರ ಮಾಡಿತು. ನಲವತ್ತು ಹೆಜ್ಜೆಯೊಳಗೆ ಸಿಕ್ಕಿತು. ಕಪ್ಪು ಹೆಣ್ಣು, ಮರಿ ಹಾಕಿದ್ದಲ್ಲ, ಅಣ್ಣ ಬಯಸಿದ ಅಳತೆಯದೇ. ಅವನು ಬಾಗಿ ಹಂದಿಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಯಾಕೆ ಎಂದು ನಾವು ಕೇಳಲಿಲ್ಲ.

ಕೆಲಸ ಶುರುವಾಗುವುದು ಆಮೇಲೆ. ಕೈಗೆ ಉದ್ದನೆಯ ನೈಟ್ರೈಲ್ ಗ್ಲೌಸ್ ಹಾಕದೆ ಯಾರೂ ಮುಟ್ಟಕೂಡದು. ಇಲ್ಲಿನ ಕಾಡುಹಂದಿಗಳಲ್ಲಿ ಬ್ರೂಸೆಲ್ಲಾ ಎಂಬ ರೋಗಾಣು ಇರುತ್ತದೆ. ಕೈಯ ಸಣ್ಣ ಗಾಯದಿಂದ ರಕ್ತಕ್ಕೆ ಇಳಿದರೆ ತಿಂಗಳುಗಟ್ಟಲೆ ಬಿಟ್ಟು ಬಿಟ್ಟು ಜ್ವರ. ಗ್ಲೌಸಿನ ಡಬ್ಬಿಗೆ ಹತ್ತು ಡಾಲರ್, ಅದರಲ್ಲಿ ಉಳಿತಾಯ ಮಾಡಬಾರದು.

ಕಪ್ಪಿಗೆ ನೇತುಹಾಕಿ, ಕರುಳು ತೆಗೆದು, ಇನ್ನೇನು ಚರ್ಮ ಸುಲಿಯಬೇಕು ಅನ್ನುವಾಗ ಅಣ್ಣ ತಡೆದ. ಟೆಕ್ಸಸ್‌ನವರು ಚರ್ಮ ಸುಲಿದು ಎಸೆಯುತ್ತಾರೆ. ಕೊಡವರ ಪಂದಿ ಕರಿಗೆ ಚರ್ಮ, ಅದರಡಿಯ ಕೊಬ್ಬು ಇಲ್ಲದಿದ್ದರೆ ಅದು ಬೇರೇನೋ ಸಾರು. ಕಾರಿನ ಹಿಂಬದಿಯಿಂದ ಗ್ಯಾಸಿನ ಟಾರ್ಚು ತೆಗೆದ. ಕೂದಲು ಸುಟ್ಟು, ಚಾಕುವಿನಿಂದ ಕೆರೆದು, ನೀರು ಹೊಯ್ದು, ಮತ್ತೆ ಸುಟ್ಟು, ಮತ್ತೆ ಕೆರೆದು. ಸುಟ್ಟ ಕೂದಲಿನ ವಾಸನೆಗೆ ದಾವಣಗೆರೆಯವನು ಬಂಕ್‌ಹೌಸಿನ ಕಿಟಕಿ ಮುಚ್ಚಿಕೊಂಡ. ಯಜಮಾನಿಯ ಮಗ ದೀಪ ಕಂಡು ಬಂದವನು ಟೋಪಿ ಹಿಂದೆ ಸರಿಸಿ ನೋಡುತ್ತ ನಿಂತ. ಚರ್ಮ ತಿನ್ನುತ್ತೀರಾ ಎಂದು ಕೇಳಿದ. ಅಣ್ಣ ಅವನಿಗೆ ಕಾಚಂಪುಳಿಯ ಕಥೆ ಹೇಳಲು ಶುರುಮಾಡಿದ. ಮಳೆಗಾಲದಲ್ಲಿ ಹಣ್ಣು ಆಯ್ದು, ರಸ ಬಸಿದು, ಕಪ್ಪಗೆ ಮಂದವಾಗುವವರೆಗೆ ಕುದಿಸಿದ ಹುಳಿ, ಮನೆಯ ಅಡುಗೆಕಟ್ಟೆಯಲ್ಲಿ ಒಂದು ಬಾಟಲಿ ಉಳಿದಿದೆ ಎಂದು. ಹುಡುಗನಿಗೆ ಎಷ್ಟು ಅರ್ಥವಾಯಿತೋ, ಟಾರ್ಚಿನ ಸಿಲಿಂಡರ್ ಮುಗಿದಾಗ ತನ್ನದನ್ನು ತಂದುಕೊಟ್ಟ.

ಹೊರಗೆ ನಾಲ್ಕು ಡಿಗ್ರಿ. ಫೆಬ್ರವರಿಯ ಇನ್ನೊಂದು ಲಾಭ ಇದು, ರಾತ್ರಿಯಿಡೀ ಮಾಂಸ ತೂಗಿ ಹಾಕಿದರೂ ಕೆಡುವುದಿಲ್ಲ. ಜೂನ್‌ನಲ್ಲಾದರೆ ಇಲ್ಲಿ ಬೆಳಗಿನ ಜಾವವೂ ಸೆಕೆ, ಗಂಟೆಯೊಳಗೆ ಐಸಿಗೆ ಹಾಕದಿದ್ದರೆ ದುಡ್ಡು, ಪ್ರಾಣಿ ಎರಡೂ ಹಾಳು.

ಶನಿವಾರ

ಹನ್ನೊಂದಕ್ಕೆ ಜಾಗ ಬಿಡಬೇಕಿತ್ತು, ವಾರಾಂತ್ಯದ ಗಿರಾಕಿಗಳು ಬರುವವರಿದ್ದರು. ನನಗೆ ಉಳಿದದ್ದು ಒಂದು ಬೆಳಗು. ಬ್ಲೈಂಡಿನಲ್ಲಿ ಕೂರುವುದು ಬೇಡ, ಗಾಳಿ ಉತ್ತರದಿಂದಲೇ ಇದೆ, ದಕ್ಷಿಣದ ಬೇಲಿಯಿಂದ ಹಳ್ಳದ ಗುಂಟ ನಡೆದು ಹೋಗೋಣ ಎಂದ ಅಣ್ಣ. ಯಜಮಾನಿಗೆ ಫೋನ್ ಮಾಡಿ ಆ ಕಡೆ ಬೇರೆ ಯಾರೂ ಇಲ್ಲ, ದನ ಉತ್ತರದ ಹೊಲದಲ್ಲಿವೆ ಎಂದು ಖಾತ್ರಿ ಮಾಡಿಕೊಂಡೆವು.

ಸೂರ್ಯ ಏಳೂಕಾಲಿಗೆ ಹುಟ್ಟಿದ. ಹುಲ್ಲಿನ ಮೇಲೆ ಬಿಳಿ ಮಂಜು, ಪ್ರತಿ ಹೆಜ್ಜೆಗೂ ಕರಕರ ಸದ್ದು. ಹತ್ತು ಹೆಜ್ಜೆ ನಡೆಯುವುದು, ನಿಲ್ಲುವುದು. ಹಳ್ಳದ ತಿರುವಿನಲ್ಲಿ ಮೊದಲು ವಾಸನೆ ಬಂತು, ಆಮೇಲೆ ಸದ್ದು. ಹಂದಿಗಳು ತಿನ್ನುವಾಗ ಸುಮ್ಮನಿರುವುದಿಲ್ಲ. ಒಂದಕ್ಕೊಂದು ತಳ್ಳಾಡಿ ಕಿರುಚಿ, ಗೊಣಗಿ, ಮದುವೆ ಮನೆಯ ಪಂಕ್ತಿಗಿಂತ ಗಲಾಟೆ. ಅಣ್ಣ ಕೋವಿ ನನ್ನ ಕೈಗೆ ಕೊಟ್ಟ. ಅರವತ್ತು ಗಜದಲ್ಲಿ ಹತ್ತು ಹನ್ನೆರಡು. ಒಂದು ಕೆಂಪು, ಎರಡು ಮಚ್ಚೆ, ಉಳಿದವು ಕಪ್ಪು, ಕಾಲಡಿ ಮರಿಗಳು. ಮರಿಗೆ ಹಾಲು ಕುಡಿಸುವ ತಾಯಿ ಬೇಡ ಎಂದು ಮೊದಲೇ ಮಾತಾಗಿತ್ತು. ಕೆಂಪಿನದು ಅಡ್ಡ ನಿಂತು ತಲೆ ತಗ್ಗಿಸುವವರೆಗೆ ಕಾದೆ. ಅದರ ಹಿಂದೆ ಮಣ್ಣಿನ ದಿಬ್ಬ, ಗುಂಡು ದಾಟಿ ಹೋದರೂ ಅಲ್ಲೇ ಹೂತುಕೊಳ್ಳುತ್ತದೆ. ಮುಂಗಾಲಿನ ಹಿಂದೆ, ಕೆಳಗಿನ ಮೂರನೇ ಒಂದು ಪಾಲಿನಲ್ಲಿ.

ಅದು ನಿಂತಲ್ಲೇ ಕುಸಿಯಿತು. ಉಳಿದವು ಹಳ್ಳ ಹಾರಿ ಮಾಯ. ಕೈ ನಡುಗಿದ್ದು ಆಮೇಲೆ. ಅಣ್ಣ ಬೆನ್ನು ತಟ್ಟಿ, ಬೋಲ್ಟ್ ಎಳೆದು ಖಾಲಿ ಮಾಡು ಮೊದಲು ಎಂದ.

ಆಮೇಲಿನ ಎರಡು ಗಂಟೆ ಬರೀ ಕೂಲಿ ಕೆಲಸ. ಎಳೆದು ತಂದು, ಸುಟ್ಟು ಕೆರೆಯಲು ಹೊತ್ತಿಲ್ಲದ್ದರಿಂದ ಇದರ ಚರ್ಮ ಸುಲಿದು, ತೊಡೆ, ಭುಜ, ಬೆನ್ನಿನ ಎಳೆ ಮಾಂಸ ಬೇರೆ ಬೇರೆ ಚೀಲಕ್ಕೆ. ಊರಿನ ಅಂಗಡಿಯಿಂದ 18 ಡಾಲರಿನ ಐಸು. ಕೂಲರಿನ ತಳದ ಬಿರಡೆ ತೆಗೆದಿಡಬೇಕು, ಕರಗಿದ ನೀರು ಹರಿದು ಹೋಗಲಿ, ಮಾಂಸ ನೀರಲ್ಲಿ ತೇಲಬಾರದು. ಅಂಗಡಿಯವರಿಗೆ ಕೊಟ್ಟು ಕತ್ತರಿಸಿ ಪ್ಯಾಕ್ ಮಾಡಿಸಿದರೆ ಹಂದಿಗೆ ನೂರು ಡಾಲರಿಗೂ ಮೇಲೆ. ಆ ದುಡ್ಡು ಉಳಿಯಬೇಕೆಂದರೆ ಭಾನುವಾರವನ್ನು ಅಡುಗೆಮನೆಯಲ್ಲಿ ಕತ್ತಿ ಮಸೆಯುತ್ತ ಕಳೆಯಬೇಕು. ಬೇಯಿಸುವಾಗ ಒಳಗಿನ ಬಿಸಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಪಂದಿ ಕರಿಯಲ್ಲಿ ಆ ಚಿಂತೆ ಇಲ್ಲ, ಗಂಟೆಗಟ್ಟಲೆ ಕುದಿಯುತ್ತದೆ. ಬಾರ್ಬೆಕ್ಯೂ ಮಾಡುವವರು ಥರ್ಮಾಮೀಟರ್ ಇಟ್ಟುಕೊಳ್ಳಲಿ.

ಯಜಮಾನಿಯ ಮಗನಿಗೆ 40 ಡಾಲರ್ ಕೈಗಿಟ್ಟೆವು. ಗ್ರಹಾಂ ದಾಟುವಾಗ ದಾವಣಗೆರೆಯವನು ಫೋನ್ ತೆಗೆದು ಲೆಕ್ಕಕ್ಕೆ ಕೂತ. ಬೇಟೆಯ ದರ ನಾನು, ಅಣ್ಣ ತಲಾ 300, ಅವನದು 80. ಪೆಟ್ರೋಲು 55, ದಿನಸಿ 60, ಇನಾಮು 40, ಇವು ಮೂರು ಪಾಲು. ತೋಟಾ, ಗ್ಲೌಸು, ಮಾಂಸದ ಚೀಲ, ಐಸು ಎಲ್ಲ ಸೇರಿ 68, ಇದು ನಮ್ಮಿಬ್ಬರದು. ಅಂದರೆ ನಮಗೆ ತಲಾ 386, ಅವನಿಗೆ 132. ನನ್ನ ಲೈಸೆನ್ಸು ನನ್ನದೇ ಖರ್ಚು.

"ಐಸು ಯಾಕೆ ನಮ್ಮಿಬ್ಬರದು?" ಎಂದು ಅಣ್ಣ ಸ್ಟೀರಿಂಗ್ ಹಿಡಿದೇ ಕೇಳಿದ.

"ಹಂದಿ ನಿಮ್ಮದಲ್ವಾ ಅಣ್ಣ."

"ನಿನ್ನ ಮೊಸರಿನ ಡಬ್ಬಿ ಈಗ ಎಲ್ಲಿದೆ?"

ಮನೆಯಿಂದ ತಂದ ಐಸು ನಿನ್ನೆಯೇ ಕರಗಿತ್ತು. ಮೊಸರಿನ ಡಬ್ಬಿ, ಎರಡು ಪದರ ಪ್ಲಾಸ್ಟಿಕ್ಕು ಸುತ್ತಿಕೊಂಡು, ಹೊಸ ಐಸಿನ ಮೂಲೆಯಲ್ಲಿ ಕೂತಿತ್ತು. ಜಾಕ್ಸ್‌ಬರೊದಿಂದ ಡಿಕೇಟರ್‌ವರೆಗೆ ವಾದ ನಡೆಯಿತು. ಡಬ್ಬಿಯ ಗಾತ್ರ, ಕೂಲರಿನ ಗಾತ್ರ, ಮಡಿ ಮೈಲಿಗೆ ಎಲ್ಲ ಬಂದು ಹೋದಮೇಲೆ ಅವನ ಪಾಲಿಗೆ ಎರಡು ಡಾಲರಿನ ಐಸು ಬಿತ್ತು.